ನಿಸಿರೋಸ್‌ನ ಕುಳಿಯಲ್ಲಿ ಅಪ್ಪನ ಗಂಧಕ

ಗ್ರೀಸಿಗೆ ಹೋದದ್ದು ಪತ್ಮೋಸ್ ನೋಡಲಿಕ್ಕೆ. ಬೈಬಲ್ಲಿನ ಕೊನೆಯ ಪುಸ್ತಕ ಪ್ರಕಟನೆ; ಯೋಹಾನನಿಗೆ ಅದರ ದರ್ಶನವಾದ ದ್ವೀಪ ಅದು. ಗುಹೆಗೆ ಹೋದೆ, 1088ರಲ್ಲಿ ಸ್ಥಾಪನೆಯಾದ ಮಠ ನೋಡಿದೆ, ಮೊಣಕಾಲೂರಿ ಪ್ರಾರ್ಥಿಸಿದೆ. ಆಮೇಲೆ ಕೋಸ್ ದ್ವೀಪದಲ್ಲಿ ಎರಡು ದಿನ. ಸಾಲುಸಾಲು ಛತ್ರಿ ನೆಟ್ಟ ಸಮುದ್ರದಂಡೆ ನನಗೆ ಸೇರುವುದಿಲ್ಲ, ಅದನ್ನು ಬಿಟ್ಟುಬಿಡುತ್ತೇನೆ. ಬರೆಯಲೇಬೇಕು ಅನಿಸಿದ್ದು ಕೋಸ್‌ನಿಂದ ದೋಣಿ ಹತ್ತಿ ಹೋದ ಸಣ್ಣ ದ್ವೀಪ ನಿಸಿರೋಸ್ ಬಗ್ಗೆ.

ನಮ್ಮದು ವಿಜಯಪುರದ ಕಡೆ. ಚಿಕ್ಕಂದಿನಲ್ಲಿ ಗಂಧಕ ಎಂದರೆ ದ್ರಾಕ್ಷಿ ಪಡಕ್ಕೆ ಬೂದಿರೋಗ ಬಾರದಿರಲೆಂದು ಅಪ್ಪ ಹೊಡೆಯುವ ಹಳದಿ ಪುಡಿ. ಕಜ್ಜಿಯಾದರೆ ಅದನ್ನೇ ಅಜ್ಜಿ ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹಚ್ಚುತ್ತಿದ್ದಳು. ಭಾನುವಾರ ಚರ್ಚಿನಲ್ಲಿ ಮಾತ್ರ ಆ ಶಬ್ದ ಬೇರೆ ರೂಪದಲ್ಲಿ ಕಿವಿಗೆ ಬೀಳುತ್ತಿತ್ತು: ಪ್ರಕಟನೆಯಲ್ಲಿ ಬರುವ, ಬೆಂಕಿ ಗಂಧಕಗಳುರಿಯುವ ಕೆರೆ. ಕೆರೆ ಅಂದಕೂಡಲೇ ನಮ್ಮೂರ ಕೆರೆಯೇ ಕಣ್ಣಿಗೆ ಕಟ್ಟಿ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಚೀಲದ ಗಂಧಕ, ಕೆರೆಯ ಗಂಧಕ ಎರಡೂ ಒಂದೇ ಎಂದು ಆಗ ಹೊಳೆದೇ ಇರಲಿಲ್ಲ.

ಮಂದ್ರಾಕಿ ಬಂದರಿನಿಂದ ಬಸ್ಸು ಬೆಟ್ಟ ಹತ್ತಿ, ಜ್ವಾಲಾಮುಖಿಯ ದೊಡ್ಡ ಬೋಗುಣಿಯೊಳಗೆ ಇಳಿಯಿತು. ಮೊದಲು ಹಸಿರು, ಮರ, ಮೇಯುವ ದನ. ಆಮೇಲೆ ಕೊಳೆತ ಮೊಟ್ಟೆಯ ವಾಸನೆ. ಸ್ತೆಫಾನೋಸ್ ಎಂಬ ಕುಳಿ ಸುಮಾರು 300 ಮೀಟರ್ ಅಗಲ, 25 ಮೀಟರಿಗಿಂತ ಆಳ. ಕಾಲುದಾರಿ ಹಿಡಿದು ತಳಕ್ಕೆ ಇಳಿದೆ. ನೆಲ ಕೆಲವು ಕಡೆ ಪೊಳ್ಳು ಪೊಳ್ಳಾಗಿ ಸದ್ದು ಮಾಡುತ್ತಿತ್ತು, ಅಡಿಯಲ್ಲೆಲ್ಲೋ ಕೆಸರು ಕುದಿಯುವ ಗುಳುಗುಳು. ಬಿಸಿ ಉಗಿ ಏಳುವ ಒಂದು ಬಾಯಿಯ ಪಕ್ಕ ಕೂತು ನೋಡಿದೆ. ಸುತ್ತಲೂ ಕೂದಲಿಗಿಂತ ತುಸು ದಪ್ಪದ ಹಳದಿ ಸೂಜಿಗಳು, ಒಂದರ ಮೇಲೊಂದು ಹೆಣೆದುಕೊಂಡು ಬೆಳೆದಿದ್ದವು. ಉಗಿ ಬಡಿದಾಗ ತುದಿಯಲ್ಲಿ ನೀರ ಹನಿ ನಿಂತು ಮಿನುಗುತ್ತಿತ್ತು. ಅದು ಅಪ್ಪನ ಚೀಲದ ಹಳದಿಯೇ, ಒಂದಿಷ್ಟೂ ಬೇರೆಯಲ್ಲ.

ಆದರೆ ಆ ತಳದಲ್ಲಿ ಒಂದು ಹುಲ್ಲೆಸಳಿಲ್ಲ. ಬೈಬಲ್ಲಿನ ಧರ್ಮೋಪದೇಶಕಾಂಡದ 29ನೆಯ ಅಧ್ಯಾಯ ನೆನಪಾಯಿತು. ಅಲ್ಲಿ ಶಾಪ ಬಿದ್ದ ದೇಶದ ಮಣ್ಣೆಲ್ಲ ಗಂಧಕ, ಉಪ್ಪು. ಬಿತ್ತುವಂತಿಲ್ಲ, ಏನೂ ಮೊಳೆಯುವುದಿಲ್ಲ. ಒಕ್ಕಲುತನದ ಮನೆಯವಳಿಗೆ ಇದಕ್ಕಿಂತ ದೊಡ್ಡ ಶಾಪ ಇನ್ನೇನಿದೆ! ಬೆಂಕಿಯ ಕೆರೆಗಿಂತ ಈ ಬರಡು ನೆಲವೇ ನನ್ನನ್ನು ಹೆಚ್ಚು ಹೆದರಿಸಿತು.

ಒಂದು ಮಾತು ಹೇಳಲೇಬೇಕು. ವಾಪಸು ಬಸ್ಸು ಎಷ್ಟು ಹೊತ್ತಿಗೆ ಎಂದು ಟಿಕೆಟ್ ಕೊಟ್ಟವರನ್ನು ಎರಡು ಸಲ ಕೇಳಿದ್ದೆ. "ಬರುತ್ತಲೇ ಇರುತ್ತವೆ" ಅಂದರು. ಕುಳಿಯಿಂದ ಮೇಲೆ ಬರುವಷ್ಟರಲ್ಲಿ ನಮ್ಮ ಬಸ್ಸು ಹೋಗಿತ್ತು, ಮುಂದಿನದು ಬಂದಿದ್ದು ದೋಣಿ ಹೊರಟ ಮೇಲೆ. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಹೋಗುವವರು ವಾಪಸು ಹೊರಡುವ ಹೊತ್ತನ್ನು ಬಸ್ಸಿನ ಚಾಲಕನ ಬಾಯಿಂದಲೇ ಕೇಳಿಕೊಳ್ಳಿ. ನೀರು ಒಯ್ಯಿರಿ. ಬೆಳ್ಳಿ ಹಾಕಿಕೊಂಡು ಇಳಿಯಬೇಡಿ, ನನ್ನ ಬೆಳ್ಳಿ ಉಂಗುರ ಸಂಜೆಯೊಳಗೆ ಕಪ್ಪಿಟ್ಟಿತ್ತು.

ಆ ರಾತ್ರಿ ಮಂದ್ರಾಕಿಯಲ್ಲೇ ಕೋಣೆ ಹಿಡಿದೆ. ಮನೆಯಾಕೆಗೆ ಎಪ್ಪತ್ತು ದಾಟಿರಬೇಕು. ಈ ದ್ವೀಪದ ಬಹಳ ಜನರ ಹಾಗೆ ಅವರೂ ನ್ಯೂಯಾರ್ಕಿನಲ್ಲಿ ದುಡಿದು ಮರಳಿದವರು. ಬಾದಾಮಿಯಿಂದ ಮಾಡಿದ ಸುಮಾದ ಎಂಬ ಪಾನಕ ಕೊಟ್ಟರು. ಆ ಪ್ರವಾಸದಲ್ಲಿ ಬಾಯಿಗೆ ಅದಕ್ಕಿಂತ ರುಚಿಯಾದದ್ದು ಬೇರೇನೂ ಬೀಳಲಿಲ್ಲ.

ನನ್ನ ತಲೆಯಲ್ಲಿ ಒಂದು ಪ್ರಶ್ನೆ ಕೊರೆಯುತ್ತಿತ್ತು. ಪ್ರಕಟನೆಯ ಮೂಲ ಗ್ರೀಕಿನಲ್ಲಿ ಗಂಧಕಕ್ಕೆ 'ಥೇಯೊನ್' ಎಂದಿದೆ. ದೈವಿಕ ಎನ್ನುವುದಕ್ಕೂ ಅದೇ ರೂಪ. ಹಾಗಾಗಿ ಆ ಕೆರೆ ಶಿಕ್ಷೆಯದಲ್ಲ, ದೇವರ ಶುದ್ಧೀಕರಣದ ಬೆಂಕಿ ಎಂದು ಬೋಧಕರೊಬ್ಬರು ಹೇಳಿದ್ದನ್ನು ಕೇಳಿದ್ದೆ. ಮನಸ್ಸು ಅದನ್ನು ನಂಬಲು ಹಾತೊರೆದಿತ್ತು. ಆಕೆಯನ್ನು ಕೇಳಿಯೇಬಿಟ್ಟೆ.

"ಥೀಯೊ ಅಂದರೆ ಗಂಧಕವೂ ಹೌದು, ದೈವಿಕವೂ ಹೌದು. ಚಿಕ್ಕಪ್ಪನಿಗೂ ಥೀಯೊಸ್ ಅಂತೀವಿ. ನಮ್ಮ ಚಿಕ್ಕಪ್ಪ ದ್ರಾಕ್ಷಿಗೆ ಗಂಧಕ ಹೊಡೆಯುತ್ತಿದ್ದ. ಅಷ್ಟಕ್ಕೇ ಅವನು ದೇವರಾಗಲಿಲ್ಲವಲ್ಲ ಮಗಳೇ," ಅಂದರು.

"ನಿಮ್ಮಲ್ಲೂ ದ್ರಾಕ್ಷಿಗೆ ಹೊಡೀತಾರಾ?"

"ಥಿಯಾಫಿ ಇಲ್ಲದೆ ಬಳ್ಳಿ ಉಳಿಯುತ್ತದಾ?" ಥಿಯಾಫಿ ಎಂದರೆ ಆಡುಮಾತಿನ ಗಂಧಕ. ಆಮೇಲೆ ಶಾಲೆಯಲ್ಲಿ ಓದಿದ ಹೋಮರನ ಮಹಾಕಾವ್ಯ ಒಡಿಸ್ಸಿ ನೆನೆದರು. ಒಡಿಸ್ಯೂಸ್ ತನ್ನ ಮನೆಯಲ್ಲಿ ಠಿಕಾಣಿ ಹೂಡಿದ್ದವರನ್ನೆಲ್ಲ ಕೊಂದ ಮೇಲೆ ಮುದಿ ದಾದಿಯನ್ನು ಕರೆದು, ಕೇಡು ಕಳೆಯುವ ಮದ್ದು ತಾ ಎಂದು ಗಂಧಕ ತರಿಸಿ ಮನೆಗೆಲ್ಲ ಹೊಗೆ ಹಾಕುತ್ತಾನೆ.

ಊರಿಗೆ ಬಂದ ಮೇಲೆ ಕೂತು ಓದಿದೆ. ಹೋಮರನಲ್ಲಿ ಗಂಧಕದ ರೂಪ 'ಥೆಏಯೊನ್', ದೈವಿಕದ ರೂಪವೇ ಬೇರೆ. ಗಂಧಕದ ಶಬ್ದ ಹೊಗೆಗೆ ಸಂಬಂಧಿಸಿದ ಮೂಲಪದದಿಂದ ಬಂದಿರಬಹುದು ಎನ್ನುತ್ತಾರೆ ಪಂಡಿತರು. ಎರಡು ಬೇರೆ ಶಬ್ದಗಳು ಕಾಲಾಂತರದಲ್ಲಿ ಒಂದೇ ಉಚ್ಚಾರಕ್ಕೆ ಬಂದು ಕೂತಿವೆ. ಗ್ರೀಕರು ಹೊಗೆ ಹಿಡಿದು ಹೆಸರಿಟ್ಟರು, ನಮ್ಮವರು ಗಂಧ ಹಿಡಿದು ಗಂಧಕ ಎಂದರು. ಪ್ರಕಟನೆಯ 9ನೆಯ ಅಧ್ಯಾಯದಲ್ಲಿ ಸವಾರರ ಕವಚಕ್ಕೆ ಬೆಂಕಿಯ, ನೀಲಿಯ, ಗಂಧಕದ ಬಣ್ಣಗಳಿವೆ. ಗಂಧಕ ಹೊತ್ತಿಕೊಂಡರೆ ಜ್ವಾಲೆ ನೀಲಿಯೇ. ಯೋಹಾನನ ಮನಸ್ಸಿನಲ್ಲಿದ್ದದ್ದು ಉರಿಯುವ, ಉಸಿರುಕಟ್ಟಿಸುವ, ಕೈಗೆ ಸಿಗುವ ಈ ಹಳದಿ ವಸ್ತುವೇ ಎಂದು ಈಗ ನನಗೆ ಖಾತ್ರಿಯಿದೆ. ಅದನ್ನು 'ದೈವಿಕ' ಎಂದು ತಿದ್ದಿ ಓದಿದರೆ ಆ ವಾಕ್ಯದ ಕಾವೇ ಆರಿಹೋಗುತ್ತದೆ.

ಮಂದ್ರಾಕಿಯಲ್ಲಿ ಉಳಿದ ಆ ರಾತ್ರಿಯೇ ಅಪ್ಪನಿಗೆ ಸೂಜಿ ಹರಳಿನ ಫೋಟೊ ಕಳಿಸಿದ್ದೆ. ಊರಲ್ಲಿ ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿದು ಬಳ್ಳಿ ಚಿಗುರುವ ಹೊತ್ತು. ನಸುಕಿನಲ್ಲೇ ಫೋನ್ ಬಂತು.

"ಇದು ನೆಲದಾಗ ಹಿಂಗ ಹುಟ್ಟತೈತೇನವ್ವಾ?"

"ಹೂಂ ಅಪ್ಪಾ, ಉಗಿಯಿಂದ ಹುಟ್ಟತೈತಿ."

ಸ್ವಲ್ಪ ಹೊತ್ತು ಮಾತಿಲ್ಲ. "ನಾ ಮೂವತ್ತು ವರ್ಷ ಹೊಡದೀನಿ, ಎಲ್ಲಿಂದ ಬರತೈತಿ ಅಂತ ಕೇಳಿರಲಿಲ್ಲ ನೋಡು," ಅಂದ ಅಪ್ಪ. ಆಮೇಲೆ ಗಾಳಿ ಏಳುವುದರೊಳಗೆ ಪಡಕ್ಕೆ ಹೋಗಬೇಕೆಂದು ಫೋನ್ ಇಟ್ಟ.