ಚೋಪ್ತಾದಲ್ಲಿ ಬಾವಲಿಗಳ ಮೊದಲ ಗಂಟೆ

12 ಮೇ 2024, ಭಾನುವಾರ
ಚೋಪ್ತಾ, ರುದ್ರಪ್ರಯಾಗ ಜಿಲ್ಲೆ, ಉತ್ತರಾಖಂಡ

ತುಂಗನಾಥದ ಹಾದಿ ಆರಂಭವಾಗುವಲ್ಲಿ, ಖರ್ಸು ಓಕ್ ಮತ್ತು ಬುರಾನ್ಸ್ ಮರಗಳ ಅಂಚಿನಲ್ಲಿ, ಇಂದು ಸಂಜೆ ಬಾವಲಿಗಳ ಕೂಗನ್ನು ಹಿಡಿದು ತೋರಿಸುವ ಬ್ಯಾಟ್ ಡಿಟೆಕ್ಟರ್ ಎಂಬ ಉಪಕರಣವನ್ನು ಇರಿಸಿದೆವು. ಸುಮಾರು 2,700 ಮೀಟರ್ ಎತ್ತರದ ಈ ಜಾಗ ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತಲೂ (1,930 ಮೀಟರ್) ಬಹಳ ಮೇಲಿದೆ. ಕತ್ತಲು ಕವಿಯುತ್ತಿದ್ದಂತೆ ನಮ್ಮ ಕಿವಿಗೆ ನಿಲುಕದ ಕೂಗುಗಳು ಪರದೆಯ ಮೇಲೆ ಗೆರೆಗಳಾಗಿ ಮೂಡತೊಡಗಿದವು. ಬಾವಲಿಯು ಕೀಟವನ್ನು ಸಮೀಪಿಸಿದಾಗಲೆಲ್ಲ ಆ ಗೆರೆಗಳು ಒತ್ತೊತ್ತಾಗಿ ಸೇರಿಕೊಳ್ಳುತ್ತಿದ್ದವು. ಮೊದಲ ಒಂದು ಗಂಟೆಯ ಈ ಭರಾಟೆಯ ನಂತರ ಚಳಿ ಏರಿತು, ಕೂಗುಗಳು ವಿರಳವಾದವು.

ಇಷ್ಟು ಎತ್ತರದಲ್ಲಿ ಗಾಳಿಯ ಸಾಂದ್ರತೆಯು ಕಡಲ ಮಟ್ಟದಲ್ಲಿರುವುದಕ್ಕಿಂತ ಸುಮಾರು ಕಾಲು ಭಾಗ ಕಡಿಮೆಯಿರುವುದರಿಂದ ಹಾರಾಟಕ್ಕೆ ಹೆಚ್ಚು ಶ್ರಮ ಬೇಕು. ಆದರೂ ಬಾವಲಿಯ ರಾತ್ರಿಯನ್ನು ನಿರ್ಧರಿಸುವುದು ಮುಖ್ಯವಾಗಿ ಚಳಿಯೇ ಎಂದು ನನಗನ್ನಿಸುತ್ತದೆ. ಪ್ರತಿ ಸಾವಿರ ಮೀಟರಿಗೆ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್‌ನಷ್ಟು ಉಷ್ಣಾಂಶ ಇಳಿಯುತ್ತದೆ. ಚಳಿ ಹೆಚ್ಚಿದಂತೆ ಪತಂಗಗಳ ಹಾರಾಟ ತಗ್ಗುತ್ತದೆ. ಬೇಟೆಯೇ ಸಿಗದಿರುವಾಗ ಹಾರಿ ಶಕ್ತಿ ಕಳೆದುಕೊಳ್ಳುವುದಕ್ಕಿಂತ ದೇಹದ ಬಿಸಿಯನ್ನು ಇಳಿಸಿಕೊಂಡು ಟಾರ್ಪರ್ ಎಂಬ ಜಡಸ್ಥಿತಿಗೆ ಜಾರುವುದೇ ಈ ಪುಟ್ಟ ಜೀವಿಗೆ ಲಾಭ.

ಆದರೆ ಬಸುರಿ ಬಾವಲಿಗೆ ಈ ಉಳಿತಾಯ ದುಬಾರಿಯಾಗುತ್ತದೆ. ಜಡಸ್ಥಿತಿಯಲ್ಲಿ ಭ್ರೂಣದ ಬೆಳವಣಿಗೆ ನಿಧಾನವಾಗಿ, ಹೆರಿಗೆ ತಡವಾದರೆ ಮರಿಯು ಚಳಿಗಾಲಕ್ಕೆ ಮುನ್ನ ಕೊಬ್ಬು ಕೂಡಿಸಿಕೊಳ್ಳಲು ಸಮಯ ಸಾಲದು. ಯುರೋಪ್ ಮತ್ತು ಉತ್ತರ ಅಮೆರಿಕದ ಪರ್ವತಗಳಲ್ಲಿ ಹಲವು ಪ್ರಭೇದಗಳ ಹೆಣ್ಣುಗಳು ಬೇಸಿಗೆಯಲ್ಲಿ ಬೆಚ್ಚಗಿನ ಕಣಿವೆಗಳಲ್ಲಿ ಉಳಿದು, ಗಂಡುಗಳೇ ಹೆಚ್ಚಾಗಿ ಮೇಲಕ್ಕೆ ಹೋಗುವುದು ದಾಖಲಾಗಿದೆ. ಬಾವಲಿಯ ಹೆಣ್ಣು ಸಾಮಾನ್ಯವಾಗಿ ವರ್ಷಕ್ಕೆ ಒಂದೋ ಎರಡೋ ಮರಿ ಹಾಕುತ್ತದೆ. ಆದ್ದರಿಂದ ಶಿಖರದ ಕಾಡನ್ನಷ್ಟೇ ಕಾಪಾಡಿ, ತಪ್ಪಲಿನ ಗುಹೆ, ಹಳೆಯ ಮರ ಮತ್ತು ತೊರೆದಂಡೆಗಳನ್ನು ಕೈಬಿಡುವ ಸಂರಕ್ಷಣೆಯನ್ನು ನಾನು ಅರ್ಧ ಕೆಲಸವೆಂದೇ ಎಣಿಸುತ್ತೇನೆ.

ಡಿಟೆಕ್ಟರ್ ಹೇಳುವುದನ್ನೂ ಎಚ್ಚರದಿಂದ ಓದಬೇಕು. ಎತ್ತರದ ಶ್ರುತಿಯ ಕೂಗನ್ನು ಗಾಳಿ ಬೇಗನೆ ಹೀರಿಕೊಳ್ಳುವುದರಿಂದ, ಪೊದೆಗಳ ನಡುವೆ ಮೆಲುವಾಗಿ ಕೂಗುತ್ತ ಬೇಟೆಯಾಡುವ ಬಾವಲಿಯು ಹತ್ತಿರದಲ್ಲೇ ಇದ್ದರೂ ದಾಖಲಾಗದೆ ಹೋಗಬಹುದು. ಬಯಲಿನಲ್ಲಿ ತಗ್ಗಿನ ಶ್ರುತಿಯಲ್ಲಿ ಜೋರಾಗಿ ಕೂಗುವ ಬಾವಲಿಯು ದೂರದಿಂದಲೇ ಸಿಕ್ಕಿಬಿಡುತ್ತದೆ. ಹೀಗಾಗಿ ಇಂದಿನ ಗೆರೆಗಳನ್ನು ಎಣಿಸಿ ಇಲ್ಲಿ ಇಷ್ಟು ಬಾವಲಿಗಳಿವೆ ಎಂದು ಬರೆಯಲಾಗದು. ಒಂದೇ ಪ್ರಾಣಿಯು ಹಲವು ಬಾರಿ ಸುತ್ತಿಬಂದಿರಲೂಬಹುದು.

ನಾಳೆ ಅದೇ ಮರದ ಬಳಿ ಡಿಟೆಕ್ಟರ್ ಜೊತೆ ಉಷ್ಣಮಾಪಕವನ್ನೂ ಇರಿಸಿ, ಸೂರ್ಯಾಸ್ತದಿಂದ ಬೆಳಗಿನವರೆಗೆ ದಾಖಲಿಸುತ್ತೇವೆ. ಮುಂಜಾವದಲ್ಲಿ ಎರಡನೆಯ ಬಾರಿ ಚಟುವಟಿಕೆ ಏರುತ್ತದೆಯೇ ಎಂಬುದೇ ನಾನು ನೋಡಬಯಸುವ ಸಂಗತಿ.