ಎರಡು ನ್ಯೂಕ್ಲಿಯಸ್ ಇರುವ ಕೋಶವೇ ನನಗೆ ಬೇಕು

ನಾನು ದಿನವೂ ಬಳಸುವ ವಿಷದ ಹೆಸರು ಸೈಟೋಕೆಲಾಸಿನ್ ಬಿ. ಇದು ಬರುವುದು ಶಿಲೀಂಧ್ರದಿಂದ. ಡಿಎಂಎಸ್‌ಓ ಎಂಬ ದ್ರಾವಕದಲ್ಲಿ ಕರಗಿಸಿ, ಪುಟ್ಟ ಟ್ಯೂಬುಗಳಿಗೆ ಹಂಚಿ ಫ್ರೀಜರಿನಲ್ಲಿ ಇಟ್ಟಿದ್ದೇನೆ. ಗ್ಲೋವ್ಸ್ ಇಲ್ಲದೆ ಮುಟ್ಟುವ ಹಾಗಿಲ್ಲ. ಡಿಎಂಎಸ್‌ಓ ಚರ್ಮದೊಳಗೆ ಸಲೀಸಾಗಿ ಇಳಿಯುತ್ತದೆ, ತನ್ನಲ್ಲಿ ಕರಗಿದ್ದನ್ನೂ ಒಳಗೆ ಸೇರಿಸಿಬಿಡಬಹುದು.

ಈ ವಿಷದ ಕಣ್ಣು ಕೋಶದೊಳಗಿನ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳ ಮೇಲೆ. ಸುಮಾರು 7 ನ್ಯಾನೋಮೀಟರ್ ದಪ್ಪದ ಎಳೆಗಳು. ಕೋಶದ ಆಕಾರ, ಓಡಾಟ ಎರಡಕ್ಕೂ ಇವೇ ಬೇಕು. ಎಳೆ ಬೇಗ ಬೆಳೆಯುವುದು ಒಂದು ತುದಿಯಲ್ಲಿ. ವಿಷ ಹೋಗಿ ಅಲ್ಲೇ ಕೂತು, ಹೊಸ ಆಕ್ಟಿನ್ ಸೇರದಂತೆ ತಡೆಯುತ್ತದೆ. 1967ರಲ್ಲಿ ಎಸ್. ಬಿ. ಕಾರ್ಟರ್ ಇದರ ಪರಿಣಾಮಗಳನ್ನು ಪ್ರಕಟಿಸಿದರು: ಕೋಶಗಳ ಓಡಾಟ ನಿಂತಿತ್ತು, ಒಂದೊಂದರಲ್ಲೂ ಹಲವು ನ್ಯೂಕ್ಲಿಯಸ್ ಸೇರಿಕೊಂಡಿದ್ದವು.

ನನ್ನ ಕೆಲಸ ನಿಂತಿರುವುದೇ ಆ ಎರಡನೆಯದರ ಮೇಲೆ. ಕೋಶ ಎರಡಾಗುವಾಗ ಕ್ರೋಮೋಸೋಮುಗಳನ್ನು ಎಳೆದು ಬೇರೆ ಮಾಡುವುದು ಮೈಕ್ರೋಟ್ಯೂಬ್ಯೂಲ್‌ಗಳು ಎಂಬ ಬೇರೆಯೇ ಎಳೆಗಳು. ಅವುಗಳ ತಂಟೆಗೆ ಈ ವಿಷ ಹೋಗುವುದಿಲ್ಲ. ನಡುವೆ ಬಿಗಿದು ಕೋಶವನ್ನು ಎರಡಾಗಿಸುವ ಉಂಗುರ ಮಾತ್ರ ಆಕ್ಟಿನ್‌ನದು. ಹಾಗಾಗಿ ನ್ಯೂಕ್ಲಿಯಸ್ ಎರಡಾಗುತ್ತದೆ, ಕೋಶ ಒಂದೇ ಉಳಿಯುತ್ತದೆ. ಇದು ಎಷ್ಟು ಅನುಕೂಲ ಗೊತ್ತಾ? ಎರಡು ನ್ಯೂಕ್ಲಿಯಸ್ ಕಂಡರೆ ಆ ಕೋಶ ವಿಷ ಹಾಕಿದ ಮೇಲೆ ಒಂದೇ ಸಲ ವಿಭಜನೆಗೆ ಇಳಿದಿದೆ ಎಂದರ್ಥ. ಫೆನೆಕ್ ಮತ್ತು ಮಾರ್ಲಿ 1985ರಲ್ಲಿ ಇದನ್ನೇ ಮೈಕ್ರೋನ್ಯೂಕ್ಲಿಯಸ್ ಪರೀಕ್ಷೆಗೆ, ಅಂದರೆ ಕೋಶದಲ್ಲಿ ಬಿಡಿಯಾಗಿ ಉಳಿದ ಪುಟ್ಟ ನ್ಯೂಕ್ಲಿಯಸ್‌ಗಳನ್ನು ಎಣಿಸುವ ಪರೀಕ್ಷೆಗೆ, ತಂದರು.

ರಕ್ತದ ಲಿಂಫೋಸೈಟ್‌ಗಳನ್ನು (ಒಂದು ಬಗೆಯ ಬಿಳಿ ರಕ್ತಕಣ) ಬೆಳೆಯಲು ಬಿಟ್ಟು, 44ನೇ ಗಂಟೆಗೆ ವಿಷ ಹಾಕುತ್ತೇನೆ. 72ನೇ ಗಂಟೆಗೆ ತೆಗೆದು, ಸ್ಲೈಡ್ ಮಾಡಿ, ಜೀಮ್ಸಾ ಬಣ್ಣ. ಆಮೇಲೆ ಸುಮ್ನೆ ಕೂತು ಎಣಿಸುವುದು. ಎರಡು ದೊಡ್ಡ ನೇರಳೆ ನ್ಯೂಕ್ಲಿಯಸ್‌ಗಳ ಪಕ್ಕದಲ್ಲಿ ಅದೇ ಬಣ್ಣದ, ಅವುಗಳ ಅಗಲದ ಮೂರನೇ ಒಂದು ಭಾಗಕ್ಕಿಂತ ಚಿಕ್ಕ ಚುಕ್ಕೆ ಇದೆಯಾ? ವಿಭಜನೆಯಲ್ಲಿ ಹಿಂದೆ ಉಳಿದ ಕ್ರೋಮೋಸೋಮ್ ಅಥವಾ ಅದರ ತುಂಡು ಅದು. ವಿಕಿರಣ ತಗುಲಿದವರಲ್ಲಿ ಇವು ಜಾಸ್ತಿ. ಎಷ್ಟು ಡೋಸ್ ಬಿದ್ದಿರಬಹುದು ಎಂದು ಅಂದಾಜಿಸಲು ಈ ಎಣಿಕೆ ನೆರವಾಗುತ್ತದೆ.

ಕೋಶಗಳ ಓಡಾಟ ನೋಡುವವರಿಗೆ ಮಾತ್ರ ನಾನು ಬಿ ಬೇಡ, ಅದರ ನಂಟ ಸೈಟೋಕೆಲಾಸಿನ್ ಡಿ ತಗೊಳ್ಳಿ ಅನ್ನುತ್ತೇನೆ. ಬಿ ಗ್ಲೂಕೋಸ್ ಒಳಬರುವುದನ್ನೂ ತಡೆಯುತ್ತದೆ. ಕೋಶ ನಿಂತದ್ದು ಆಕ್ಟಿನ್ ಕೆಟ್ಟಿದ್ದಕ್ಕೋ, ಹಸಿವಿಗೋ, ಹೇಗೆ ಹೇಳುತ್ತೀರಿ? ಡಿಗೆ ಆ ಚಾಳಿ ಇಲ್ಲ, ಆಕ್ಟಿನ್ ಮೇಲೆ ಪೆಟ್ಟೂ ಜೋರು. ತೊಳೆದರೆ ಎಳೆಗಳು ಮತ್ತೆ ಕಟ್ಟಿಕೊಳ್ಳುತ್ತವೆ. ಬರೇ ‘ಸೈಟೋಕೆಲಾಸಿನ್ ಹಾಕಿದೆವು’ ಎಂದು ಬರೆಯುವ ಪ್ರಬಂಧಗಳನ್ನು ಕಂಡರೆ ನನಗೆ ರೇಗುತ್ತದೆ. ಯಾವುದು ಹಾಕಿದಿರಿ, ಬರೀ ಡಿಎಂಎಸ್‌ಓ ಹಾಕಿದ ತಟ್ಟೆಯನ್ನೂ ಹೋಲಿಕೆಗೆ ಇಟ್ಟಿದ್ದಿರಾ, ಅದನ್ನು ಹೇಳಬೇಕಲ್ವಾ?