ಢೋಲಕ್ಕಿನಲ್ಲಿ ರೈಲು

ರೈಲಿನ ಹಾಡು ಎಂದರೆ ಹಲವರಿಗೆ ಅಗಲಿಕೆ, ಕಿಟಕಿ, ಕಾಯುವ ಹುಡುಗಿ ನೆನಪಾಗುತ್ತವೆ. ಭಜನಾ ಮಂಡಳಿಯಲ್ಲಿ ಢೋಲಕ್ ಬಾರಿಸುವ ನನಗೆ ಮೊದಲು ಕೇಳಿಸುವುದು ಗಾಲಿ. ಲಯದಲ್ಲಿ ಹಳಿ ಇಲ್ಲದಿದ್ದರೆ, ಇಂಜಿನ್ ಎಷ್ಟು ಕೂಗಿದರೂ ನನ್ನ ಮಟ್ಟಿಗೆ ಅದು ರೈಲಿನ ಹಾಡಲ್ಲ.

ನಮ್ಮ ಆದೋನಿ ಇರುವುದು ಹಳೆಯ ಮದ್ರಾಸು–ಮುಂಬಯಿ ಮಾರ್ಗದಲ್ಲಿ. ಎರಡೂ ಕಡೆಯಿಂದ ಹಾಕುತ್ತ ಬಂದ ಹಳಿಗಳು 1871ರಲ್ಲಿ ಕೂಡಿದ್ದು ನಮ್ಮಿಂದ ಮೇಲೆ, ರಾಯಚೂರಿನಲ್ಲಿ. ನನ್ನ ಸೋದರಮಾವ ಇದೇ ಮಾರ್ಗದಲ್ಲಿ ಕೀಮನ್ ಆಗಿದ್ದರು. ಸುತ್ತಿಗೆ, ಸ್ಪ್ಯಾನರ್ ಹಿಡಿದು ಹಳಿಗುಂಟ ನಡೆಯುವುದು, ಸಡಿಲಾದುದನ್ನು ಬಿಗಿ ಮಾಡುವುದು ಅವರ ನಿತ್ಯದ ಕೆಲಸ. ರೈಲಿನ ತಾಳ ನನಗೆ ತಿಳಿದದ್ದು ಅವರಿಂದ. ಹಳೆಯ ಹಳಿ 13 ಮೀಟರಿನ ತುಂಡು. ಬಿಸಿಲಿಗೆ ಹಿಗ್ಗಲೆಂದು ತುಂಡುಗಳ ನಡುವೆ ಸಣ್ಣ ಸಂದು ಬಿಟ್ಟು, ಅಕ್ಕಪಕ್ಕ ಫಿಶ್‌ಪ್ಲೇಟ್ ಎಂಬ ಉಕ್ಕಿನ ಪಟ್ಟಿ ಕೂಡಿಸಿ ಬೋಲ್ಟ್ ಹಾಕುತ್ತಿದ್ದರು. ಡಬ್ಬಿಯ ಒಂದೊಂದು ತುದಿಗೂ ಎರಡೆರಡು ಜೋಡಿ ಗಾಲಿ. ಒಂದು ಡಬ್ಬಿಯ ಬಾಲ ಸಂದನ್ನು ದಾಟುತ್ತಿದ್ದಂತೆ ಅದರ ಹಿಂದಿನ ಡಬ್ಬಿಯ ತಲೆ ಬಂದು ಬಡಿಯುತ್ತದೆ. ಪಕ್ಕದಲ್ಲಿ ನಿಂತವನಿಗೆ ಕೇಳುವುದು ತಕ, ಧಿಮಿ, ಆಮೇಲೊಂದು ಬಿಡುವು, ಮತ್ತೆ ತಕ, ಧಿಮಿ.

ಚುಕುಬುಕು ಬೇರೆಯೇ. ಅದು ಉಗಿ ಇಂಜಿನ್ನಿನ ಉಸಿರು. ಎರಡು ಸಿಲಿಂಡರಿನ ಇಂಜಿನ್, ಗಾಲಿ ಒಂದು ಸುತ್ತು ತಿರುಗುವಷ್ಟರಲ್ಲಿ ನಾಲ್ಕು ಸಲ ಉಗಿ ಕಾರುತ್ತದೆ. 1993ರ ತಮಿಳು ಚಿತ್ರ ‘ಜಂಟಲ್‌ಮನ್’ಗೆ ಎ.ಆರ್. ರೆಹಮಾನ್ ಮಾಡಿದ ‘ಚಿಕ್ಕು ಬುಕ್ಕು’ ಹಾಡಿನ ಹೆಸರೇ ಆ ಉಸಿರು.

ಆದರೆ ಉಸಿರು, ಗಾಲಿ ಎರಡನ್ನೂ ಒಂದೇ ವಾದ್ಯದಲ್ಲಿ ಹಿಡಿದವರನ್ನು ಕೇಳಬೇಕಾದರೆ ಅಮೆರಿಕದ ಡಿಫೋರ್ಡ್ ಬೇಲಿಯನ್ನು ಕೇಳಬೇಕು. ಟೆನೆಸ್ಸಿಯ ಈ ಕಪ್ಪು ಕಲಾವಿದ 1927ರಲ್ಲಿ ‘ಪ್ಯಾನ್ ಅಮೆರಿಕನ್ ಬ್ಲೂಸ್’ ಧ್ವನಿಮುದ್ರಿಸಿದರು. ಸಿನ್ಸಿನಾಟಿಯಿಂದ ನ್ಯೂ ಆರ್ಲಿಯನ್ಸಿಗೆ ಓಡುತ್ತಿದ್ದ ರೈಲಿನ ಹೆಸರು ಅದು. ಹಾಡಿಲ್ಲ, ಮಾತಿಲ್ಲ, ಬರೀ ಮೌತ್ ಆರ್ಗನ್. ಉಸಿರು ಒಳಗೆಳೆದು ಹೊರಬಿಡುವುದರಲ್ಲೇ ಗಾಡಿ ವೇಗ ಹಿಡಿಯುತ್ತದೆ. ಮಾವನಿಗೆ ಮೊಬೈಲಿನಲ್ಲಿ ಕೇಳಿಸಿದೆ. ಏನೆಂದು ನಾನು ಹೇಳಿರಲಿಲ್ಲ. ‘ಸ್ಟೇಷನ್ ಬಿಟ್ಟಿತು ನೋಡಪ್ಪಾ’ ಎಂದರು, ಕಣ್ಣು ಮುಚ್ಚಿಕೊಂಡೇ.

ಅಮೆರಿಕದ ಗಾಯಕ ಜಾನಿ ಕ್ಯಾಶ್ ಹಾದಿ ಇನ್ನೊಂದು. ಆರಂಭದಲ್ಲಿ ಅವರ ತಂಡದಲ್ಲಿ ಡ್ರಮ್ಮೇ ಇರಲಿಲ್ಲ. ಗಿಟಾರಿನ ತಂತಿಗಳ ನಡುವೆ ಕಾಗದ ಸಿಕ್ಕಿಸಿ ಮೀಟಿದರು, ನಾದ ಸತ್ತು ಪೆಟ್ಟು ಉಳಿಯಿತು. ಪಕ್ಕದಲ್ಲಿ ಲೂಥರ್ ಪರ್ಕಿನ್ಸ್ ಗಿಟಾರ್, ಮಾರ್ಷಲ್ ಗ್ರಾಂಟ್ ಬಾಸ್. ಹಾಗೆ ಹುಟ್ಟಿದ ಲಯವನ್ನು ಜನ ರೈಲಿನ ಓಟಕ್ಕೇ ಹೋಲಿಸಿದರು. 1955ರ ‘ಫೋಲ್ಸಮ್ ಪ್ರಿಸನ್ ಬ್ಲೂಸ್’ನಲ್ಲಿ ಜೈಲಿನೊಳಗಿನವನು ಹೊರಗೆ ಹೋಗುವ ರೈಲಿನ ಸದ್ದು ಕೇಳುತ್ತಾನೆ. ಅವನು ಕೂಡಿಬಿದ್ದಿದ್ದಾನೆ, ತಾಳ ಮಾತ್ರ ಓಡುತ್ತಲೇ ಇದೆ. ಸಾಹಿತ್ಯಕ್ಕೂ ಲಯಕ್ಕೂ ಇಷ್ಟು ಒಳ್ಳೆಯ ಜಗಳ ನಾನು ಬೇರೆಲ್ಲೂ ಕೇಳಿಲ್ಲ.

ನಮ್ಮಲ್ಲಿ ನನಗೆ ತೀರಾ ಇಷ್ಟವಾದದ್ದು 1968ರ ‘ಆಶೀರ್ವಾದ್’ ಚಿತ್ರದ ‘ರೇಲ್ ಗಾಡಿ’. ಬರೆದವರು ಹರೀಂದ್ರನಾಥ ಚಟ್ಟೋಪಾಧ್ಯಾಯ, ಸರೋಜಿನಿ ನಾಯ್ಡು ಅವರ ತಮ್ಮ. ಹಾಡಿದವರು ನಟ ಅಶೋಕ್ ಕುಮಾರ್. ಊರುಗಳ ಹೆಸರನ್ನು ಜೋಡಿ ಜೋಡಿಯಾಗಿ, ಮಂಗಳೂರು ಬೆಂಗಳೂರು ಎಂಬಂತೆ, ಒಂದೇ ಉಸಿರಿಗೆ ಹೇಳುತ್ತ ಹೋಗುತ್ತಾರೆ. ಅಲ್ಲಿ ಊರುಗಳೇ ತಾಳದ ಸೊಲ್ಲುಗಳು.

ಈಗ ಹಳಿಗಳನ್ನು ಉದ್ದಕ್ಕೂ ಬೆಸೆಯುತ್ತಾರೆ. ಕುಲುಕಾಟ ತಗ್ಗಿದೆ, ಗಾಲಿಗೂ ಹಳಿಗೂ ಒಳ್ಳೆಯದು. ಆದರೆ ಮಂಡಳಿಗೆ ಕಲಿಯಲು ಬರುವ ಹುಡುಗರು ಆ ತಾಳವನ್ನು ಹಾಡುಗಳಲ್ಲಿ ಮಾತ್ರ ಕೇಳಿದವರು. ಇದು ನನಗೆ ನಿಜಕ್ಕೂ ಸಂಕಟ. ಹಾಗಾಗಿ ಸಂಜೆ ಅವರನ್ನು ಪ್ಲಾಟ್‌ಫಾರ್ಮಿನ ತುದಿಗೆ ಕರೆದೊಯ್ಯುತ್ತೇನೆ. ಗಾಡಿ ಹಳಿ ಬದಲಿಸುವ ಕಡೆ ಇನ್ನೂ ಸಂದುಗಳಿವೆ, ಪೆಟ್ಟು ಸ್ಪಷ್ಟವಾಗಿ ಬೀಳುತ್ತದೆ. ನಾಲ್ಕು ಪೆಟ್ಟು ಎಲ್ಲರಿಗೂ ಬೇಗ ಬಂತು. ಬಿಡುವು ಬರುತ್ತಿಲ್ಲ, ಕೈ ಅವಸರಪಡುತ್ತದೆ. ಗೂಡ್ಸ್ ವ್ಯಾಗನ್ ಗಿಡ್ಡ, ಅದರ ಬಿಡುವೂ ಗಿಡ್ಡ. ಪ್ಯಾಸೆಂಜರಿನ ಡಬ್ಬಿ ಉದ್ದ, ಅಲ್ಲಿ ಕೈ ತಡೆದು ಕಾಯಬೇಕು. ಸದ್ಯ ಗೂಡ್ಸ್ ತಾಳವನ್ನೇ ಬಾರಿಸಿರಿ, ಅದು ಕೈಗೆ ಕೂತ ಮೇಲೆ ಪ್ಯಾಸೆಂಜರಿಗೆ ಹೋಗೋಣ ಎಂದಿದ್ದೇನೆ.